ವೈಮಾನಿಕ ಛಾಯಾಗ್ರಹಣದಿಂದ ಭೂಮಾಪನ: ನಮ್ಮ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಬೇಕಾದ ತರಬೇತಿ

ಪೀಠಿಕೆ

ಜಮೀನಿನ ಅಳತೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸರಪಳಿ, ಬಾಂದು ಕಲ್ಲು ಮತ್ತು ಭೂಮಾಪಕರ ಕೈಯಲ್ಲಿನ ಟಿಪ್ಪಣಿ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಡ್ರೋನ್ ಕೂಡ ಸೇರಿಕೊಂಡಿದೆ. ಹಳ್ಳಿಯ ಮೇಲೆ ಹಾರಾಡಿ ಚಿತ್ರ ತೆಗೆಯುವ ಈ ಯಂತ್ರವನ್ನು ಕಂಡ ಅನೇಕ ಪೋಷಕರು, ಅದನ್ನು ಹಾರಿಸಲು ಕಲಿತರೆ ಮಕ್ಕಳಿಗೆ ಉದ್ಯೋಗ ಖಚಿತವೆಂದು ಭಾವಿಸಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಕೂಡ ಈ ಸೇವೆಗೆ ಹಣ ಕೊಡುವ ಅಥವಾ ಈ ತರಬೇತಿಗೆ ನೆರವು ನೀಡುವ ಸಂದರ್ಭಗಳು ಹೆಚ್ಚುತ್ತಿವೆ.

ಆದುದರಿಂದ ಈ ವಿದ್ಯೆಯಲ್ಲಿ ಏನಿದೆ, ಅದನ್ನು ಹೇಗೆ ಕಲಿಸಬೇಕು, ಅದರ ವೆಚ್ಚವೆಷ್ಟು ಎಂಬುದನ್ನು ವ್ಯವಹಾರಸ್ಥರ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ. ಹಾರಿಸುವುದು ಈ ವೃತ್ತಿಯ ಅತ್ಯಂತ ಚಿಕ್ಕ ಭಾಗ. ನೆಲದ ಮೇಲೆ ಮಾಡುವ ಅಳತೆ ಮತ್ತು ಅದರ ಪರಿಶೀಲನೆಯೇ ಛಾಯಾಚಿತ್ರವನ್ನು ನಕ್ಷೆಯನ್ನಾಗಿ ಮಾಡುತ್ತದೆ. ತರಬೇತಿಯ ಹೆಚ್ಚಿನ ಕಾಲ ಮತ್ತು ಹಣ ಅದಕ್ಕೇ ಮೀಸಲಾಗಬೇಕೆಂಬುದು ನನ್ನ ಅಭಿಪ್ರಾಯ.

ಐತಿಹಾಸಿಕ ಹಿನ್ನೆಲೆ

ಭಾರತದ ಭೂಮಾಪನದ ಇತಿಹಾಸಕ್ಕೂ ನಮ್ಮ ಪ್ರದೇಶಕ್ಕೂ ಹತ್ತಿರದ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯ ಸರ್ವೇಕ್ಷಣೆಯ ಹೊಣೆಯನ್ನು ಕಾಲಿನ್ ಮೆಕೆಂಜಿಗೆ ವಹಿಸಲಾಯಿತು. ಅದೇ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅವನು ಆರಂಭಿಸಿದ ಆಧಾರರೇಖೆಯ ಅಳತೆಯಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಮೊದಲಾಯಿತು.

ಇಲ್ಲಿ ನಮಗೆ ಮುಖ್ಯವಾದುದು ಮತ್ತೊಂದು ಸಂಗತಿ. ಮೈಕೇಲ್ ಟಾಪಿಂಗ್ ಎಂಬಾತನ ಪ್ರಯತ್ನದಿಂದ 1794ರಲ್ಲಿ ಮದರಾಸಿನಲ್ಲಿ 8 ಬಾಲಕರೊಡನೆ ಒಂದು ಸರ್ವೇ ಶಾಲೆ ಆರಂಭವಾಗಿತ್ತು. ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ಮೂಲ ಇದೇ. ಆ ಶಾಲೆಯಲ್ಲಿ ಕಲಿತ ಹುಡುಗರು ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿ ಸಹಾಯಕರಾಗಿ ದುಡಿದರು. ಅಂದರೆ ವಿದ್ಯಾರ್ಥಿಗಳನ್ನು ತರಬೇತುಗೊಳಿಸಿ ಅಳತೆಯ ಕೆಲಸಕ್ಕೆ ತೊಡಗಿಸುವ ಪದ್ಧತಿ ನಮ್ಮ ಸೀಮೆಗೆ ಎರಡು ಶತಮಾನಗಳಷ್ಟು ಹಳೆಯದು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೇ ಆರಂಭವಾಯಿತು. 33 ಅಡಿಯ ಸರಪಳಿಯನ್ನು 16 ಆಣೆಗಳಾಗಿ ವಿಭಾಗಿಸಿ ಅಳೆಯುವ ಕ್ರಮ ರೂಢಿಗೆ ಬಂತು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಇಂದಿಗೂ ನಮ್ಮ ಪಹಣಿ, ಆಕಾರಬಂದ್ ಮತ್ತು ಕ್ರಯಪತ್ರಗಳು ಇದೇ ಭಾಷೆಯಲ್ಲಿ ಮಾತನಾಡುತ್ತವೆ. ಡ್ರೋನ್ ನಕ್ಷೆ ಮೀಟರ್ ಲೆಕ್ಕದಲ್ಲಿ ಬರುತ್ತದೆ. ಎರಡನ್ನೂ ಓದಿ ಹೊಂದಿಸಬಲ್ಲವನೇ ನಿಜವಾದ ತರಬೇತಿ ಪಡೆದವನು.

ವ್ಯಾಪಾರಸ್ಥರಿಗೆ ಇದರಿಂದ ಏನು?

ಮೊದಲನೆಯದು, ಗ್ರಾಮಠಾಣದ ಆಸ್ತಿ. ಸರ್ವೇ ನಂಬರ್ ಇರುವ ಜಮೀನಿಗೆ ದಾಖಲೆ ಇದೆ. ಆದರೆ ಗ್ರಾಮಠಾಣದೊಳಗಿನ ಮನೆ, ಅಂಗಡಿ, ಹಿಟ್ಟಿನ ಗಿರಣಿ, ಗೋದಾಮುಗಳಿಗೆ ಅಳತೆಯ ನಕ್ಷೆ ಬಹುಕಾಲ ಇರಲೇ ಇಲ್ಲ. ನಕ್ಷೆಯಿಲ್ಲದ ಸ್ವತ್ತಿನ ಮೇಲೆ ಬ್ಯಾಂಕಿನಿಂದ ಸಾಲ ಪಡೆಯುವುದು ಎಷ್ಟು ಕಷ್ಟವೆಂಬುದು ಸದಸ್ಯರಿಗೆ ತಿಳಿದ ವಿಷಯ. ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಪ್ರಾರಂಭಿಸಿದ ಸ್ವಾಮಿತ್ವ ಯೋಜನೆಯ ಉದ್ದೇಶ ಈ ಕೊರತೆಯನ್ನು ತುಂಬುವುದೇ ಆಗಿದೆ. ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತೀಯ ಸರ್ವೇಕ್ಷಣ ಇಲಾಖೆಯು ಡ್ರೋನ್ ಮೂಲಕ ಚಿತ್ರ ತೆಗೆದು 1:500 ಪ್ರಮಾಣದ ನಕ್ಷೆ ಸಿದ್ಧಪಡಿಸುತ್ತದೆ. ಅದರ ಆಧಾರದಲ್ಲಿ ಆಸ್ತಿ ಕಾರ್ಡ್ ನೀಡಲಾಗುತ್ತದೆ. 2025ರ ಜನವರಿ 18ರಂದು ಒಂದೇ ದಿನ ದೇಶಾದ್ಯಂತ 65 ಲಕ್ಷಕ್ಕೂ ಹೆಚ್ಚು ಕಾರ್ಡ್‌ಗಳನ್ನು ವಿತರಿಸಲಾಯಿತು. ಪಟ್ಟಣಗಳ ಭೂಮಾಪನಕ್ಕಾಗಿ 2025ರ ಫೆಬ್ರವರಿ 18ರಂದು 152 ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಕ್ಷಾ ಕಾರ್ಯಕ್ರಮ ಆರಂಭವಾಯಿತು.

ಎರಡನೆಯದು, ದಾಸ್ತಾನಿನ ಅಳತೆ. ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ ಮಣ್ಣು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ಇವುಗಳನ್ನು ವರ್ಷಾಂತ್ಯದಲ್ಲಿ ತೂಗಲು ಸಾಧ್ಯವಿಲ್ಲ. ರಾಶಿಯ ಘನ ಅಳತೆಯಿಂದಲೇ ಪ್ರಮಾಣ ತಿಳಿಯಬೇಕು.

ಮೂರನೆಯದು, ಗುತ್ತಿಗೆ ಪಡೆದ ಕಲ್ಲುಗಣಿಯ ಗಡಿ ಮತ್ತು ಆಳ. ಇದರ ಮೇಲೆ ರಾಜಧನ ಹಾಗೂ ದಂಡದ ಲೆಕ್ಕ ನಿಂತಿದೆ. ಕನ್ನಂಬಾಡಿ ಅಣೆಕಟ್ಟೆಯ ಸುತ್ತಲಿನ ಗಣಿಗಾರಿಕೆ ನ್ಯಾಯಾಲಯದ ಮೆಟ್ಟಿಲೇರಿದ ವಿಷಯವಾದುದರಿಂದ, ನಿಖರ ನಕ್ಷೆಯ ಬೆಲೆ ಏನೆಂದು ಈ ಭಾಗದ ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ.

ಛಾಯಾಚಿತ್ರ ನಕ್ಷೆಯಾಗುವ ಬಗೆ

ಒಂದೇ ಒಂದು ಚಿತ್ರದಿಂದ ನಕ್ಷೆಯಾಗದು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿ ದೂರವನ್ನು ಅಂದಾಜು ಮಾಡುವಂತೆ, ನೆಲದ ಪ್ರತಿಯೊಂದು ಬಿಂದುವೂ ಹಲವು ಚಿತ್ರಗಳಲ್ಲಿ ಮೂಡಿದಾಗ ಗಣಕಯಂತ್ರವು ಅದರ ಸ್ಥಾನ ಮತ್ತು ಎತ್ತರವನ್ನು ಲೆಕ್ಕ ಹಾಕುತ್ತದೆ. ಆದುದರಿಂದ ಚಿತ್ರಗಳು ಒಂದರ ಮೇಲೊಂದು ಹಾಯುವಂತೆ ತೆಗೆಯಬೇಕು. ಹಾರುವ ದಿಕ್ಕಿನಲ್ಲಿ ಶೇಕಡಾ 80, ಪಕ್ಕದ ಸಾಲುಗಳ ನಡುವೆ ಶೇಕಡಾ 70 ಎಂಬುದು ಸಾಮಾನ್ಯ ರೂಢಿ.

ಒಂದು ಉದಾಹರಣೆ ನೋಡೋಣ. ಕ್ಯಾಮೆರಾದ ನಾಭಿದೂರ 8.8 ಮಿಲಿಮೀಟರ್, ಅದರ ಸಂವೇದಕದ ಒಂದು ಪಿಕ್ಸೆಲ್ಲಿನ ಅಗಲ 2.4 ಮೈಕ್ರಾನ್, ಚಿತ್ರದ ಗಾತ್ರ 5472 × 3648 ಪಿಕ್ಸೆಲ್ ಎಂದಿರಲಿ. 100 ಮೀಟರ್ ಎತ್ತರದಿಂದ ತೆಗೆದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್ ಆಗುತ್ತದೆ. ಒಂದು ಚಿತ್ರ ಸುಮಾರು 149 ಮೀಟರ್ ಅಗಲ, 99 ಮೀಟರ್ ಉದ್ದದ ನೆಲವನ್ನು ಆವರಿಸುತ್ತದೆ. ಮೇಲೆ ಹೇಳಿದ ಪ್ರಮಾಣದಲ್ಲಿ ಹಾಯುವುದರಿಂದ ಪ್ರತಿ ಚಿತ್ರ ಹೊಸದಾಗಿ ಸೇರಿಸುವ ನೆಲ ಕೇವಲ 890 ಚದರ ಮೀಟರ್ ಆಸುಪಾಸು. 100 ಎಕರೆ ಎಂದರೆ ಸುಮಾರು 4,04,700 ಚದರ ಮೀಟರ್. ಅದಕ್ಕೆ 450ಕ್ಕೂ ಮೇಲ್ಪಟ್ಟು ಚಿತ್ರಗಳು ಬೇಕು. ಅಂಚುಗಳನ್ನೂ ಸೇರಿಸಿದರೆ 500 ದಾಟುವುದು ಸಹಜ.

ಈ ಲೆಕ್ಕವನ್ನು ವಿದ್ಯಾರ್ಥಿ ಕಾಗದ-ಪೆನ್ಸಿಲ್ ಹಿಡಿದು ಸ್ವತಃ ಮಾಡಬಲ್ಲವನಾಗಿರಬೇಕು. ಯಂತ್ರವೇ ಎಲ್ಲವನ್ನೂ ಮಾಡಿಕೊಡುತ್ತದೆ ಎಂದು ಬಿಟ್ಟರೆ, ಎಲ್ಲಿ ತಪ್ಪಾಯಿತೆಂದು ಹುಡುಕುವ ಶಕ್ತಿ ಅವನಿಗೆ ಬರುವುದಿಲ್ಲ.

ನಿಯಂತ್ರಣ ಬಿಂದು ಮತ್ತು ತಪಾಸಣಾ ಬಿಂದು

ಲೆಕ್ಕಪರಿಶೋಧನೆಯ ಪರಿಚಯವಿರುವ ಓದುಗರಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ. ಖಾತೆಯಲ್ಲಿ ಬರೆದ ಮೊತ್ತಕ್ಕೆ ವೋಚರ್ ಇರಬೇಕು. ಹಾಗೆಯೇ ಚಿತ್ರದಲ್ಲಿ ಕಾಣುವ ಸ್ಥಾನಕ್ಕೆ ನೆಲದ ಮೇಲೆ ಅಳೆದ ಆಧಾರ ಇರಬೇಕು. ಹಾರಾಟಕ್ಕೆ ಮೊದಲು ನೆಲದ ಮೇಲೆ ಕಪ್ಪು-ಬಿಳುಪು ಫಲಕ ಅಥವಾ ಸುಣ್ಣದ ಗುರುತುಗಳನ್ನು ಮಾಡಿ, ನಿಖರ ಉಪಗ್ರಹ ಗ್ರಾಹಕದಿಂದ ಅವುಗಳ ಸ್ಥಾನವನ್ನು ಅಳೆಯಲಾಗುತ್ತದೆ. ಇವೇ ನಿಯಂತ್ರಣ ಬಿಂದುಗಳು. ಭಾರತೀಯ ಸರ್ವೇಕ್ಷಣ ಇಲಾಖೆ ಸ್ಥಾಪಿಸಿರುವ ನಿರಂತರ ಉಪಗ್ರಹ ಕೇಂದ್ರಗಳ ಜಾಲದಿಂದ ತಿದ್ದುಪಡಿ ಸಂಕೇತ ದೊರೆಯುವುದರಿಂದ ಈಗ ಈ ಕೆಲಸ ಹಿಂದಿಗಿಂತ ಬೇಗ ಆಗುತ್ತದೆ.

ಕೆಲವು ಬಿಂದುಗಳನ್ನು ಅಳೆದೂ ಗಣಕಯಂತ್ರಕ್ಕೆ ತಿಳಿಸದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ನಕ್ಷೆ ಸಿದ್ಧವಾದ ಮೇಲೆ ಆ ಬಿಂದುಗಳ ಸ್ಥಾನವನ್ನು ನಕ್ಷೆಯಲ್ಲಿ ಓದಿ, ನೆಲದಲ್ಲಿ ಅಳೆದುದರೊಡನೆ ಹೋಲಿಸಬೇಕು. ಇವು ತಪಾಸಣಾ ಬಿಂದುಗಳು. ಉದಾಹರಣೆಗೆ 5 ತಪಾಸಣಾ ಬಿಂದುಗಳಲ್ಲಿ ಕ್ರಮವಾಗಿ 3, 4, 2, 5, 4 ಸೆಂಟಿಮೀಟರ್ ವ್ಯತ್ಯಾಸ ಬಂತೆನ್ನಿ. ಇವುಗಳ ವರ್ಗಗಳ ಮೊತ್ತ 70, ಸರಾಸರಿ 14, ವರ್ಗಮೂಲ ಸುಮಾರು 3.7 ಸೆಂಟಿಮೀಟರ್. ನಕ್ಷೆಯ ನಿಖರತೆಯೆಂದು ವರದಿಯಲ್ಲಿ ಬರೆಯಬೇಕಾದ ಸಂಖ್ಯೆ ಇದು.

ನಿಯಂತ್ರಣ ಬಿಂದುಗಳನ್ನೇ ತಪಾಸಣೆಗೂ ಬಳಸಿ "ದೋಷ ಒಂದೇ ಸೆಂಟಿಮೀಟರ್" ಎಂದು ತೋರಿಸುವುದು, ಲೆಕ್ಕ ಬರೆದವನೇ ತನ್ನ ಲೆಕ್ಕವನ್ನು ಪರಿಶೋಧಿಸಿದಂತೆ. ನಕ್ಷೆ ಖರೀದಿಸುವ ಸದಸ್ಯರು ತಪ್ಪದೆ ಕೇಳಬೇಕಾದ ಪ್ರಶ್ನೆ: "ತಪಾಸಣಾ ಬಿಂದುಗಳ ಪಟ್ಟಿ ಎಲ್ಲಿ?" ಉತ್ತರ ಬರದಿದ್ದರೆ ಕೈಗೆ ಬಂದಿರುವುದು ಚೆಂದದ ಚಿತ್ರವೇ ಹೊರತು ಅಳತೆಯ ನಕ್ಷೆಯಲ್ಲ.

ಏಕರೂಪತೆಯ ತತ್ವವೂ ಇಲ್ಲಿ ಅನ್ವಯಿಸುತ್ತದೆ. ಕಳೆದ ಮಾರ್ಚ್ 31ರಂದು ಖಾಲಿ ಅಂಗಳವನ್ನು ಅಳೆದು, ಈ ಮಾರ್ಚ್ 31ರಂದು ಅದೇ ಅಂಗಳದ ಮೇಲಿನ ಎಂ-ಸ್ಯಾಂಡ್ ರಾಶಿಯನ್ನು ಅಳೆದರು ಎಂದು ಭಾವಿಸೋಣ. ಎರಡು ಅಳತೆಗಳ ಎತ್ತರದ ಆಧಾರದಲ್ಲಿ ಕೇವಲ 10 ಸೆಂಟಿಮೀಟರ್ ವ್ಯತ್ಯಾಸವಿದ್ದರೂ, 2,000 ಚದರ ಮೀಟರ್ ತಳದ ರಾಶಿಯಲ್ಲಿ 200 ಘನ ಮೀಟರ್ ತಪ್ಪು ಬರುತ್ತದೆ. ಘನ ಮೀಟರಿಗೆ 1.6 ಟನ್ ಹಿಡಿದರೆ ಅದು 320 ಟನ್. ಇಲ್ಲದ ಸರಕು ಆಸ್ತಿಪಟ್ಟಿಯಲ್ಲಿ ಸೇರಿದರೆ ಅದರ ಮೇಲೆ ತೆರಿಗೆ. ಇರುವ ಸರಕು ಬಿಟ್ಟುಹೋದರೆ ಇಲಾಖೆಯ ಪ್ರಶ್ನೆ. ಆರಂಭಿಕ ದಾಸ್ತಾನು ಮತ್ತು ಅಂತಿಮ ದಾಸ್ತಾನುಗಳೆರಡನ್ನೂ ಅವೇ ಸ್ಥಿರ ಬಿಂದುಗಳ ಆಧಾರದಲ್ಲಿ ಅಳೆಯುವುದು ಇದಕ್ಕಿರುವ ಪರಿಹಾರ.

ನಮ್ಮ ನೆಲವೇ ಕಲಿಸುವ ಪಾಠಗಳು

ಪುಸ್ತಕದ ಪಾಠವನ್ನು ನಮ್ಮ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಪ್ರಯೋಗಿಸಿದಾಗ ಎದುರಾಗುವ ವಿಶೇಷ ತೊಡಕುಗಳನ್ನು ಗಮನಿಸಬೇಕು.

1. ಕಬ್ಬು. ಕ್ಯಾಮೆರಾ ಕಾಣುವುದು ಬೆಳೆಯ ತುದಿಯನ್ನು, ನೆಲವನ್ನಲ್ಲ. ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ನಾಲಾ ಬಯಲಿನಲ್ಲಿ ಆಳೆತ್ತರ ಮೀರಿದ ಕಬ್ಬು ನಿಂತಿರುವಾಗ ತೆಗೆದ ಚಿತ್ರದಿಂದ ನೀರು ಹರಿಯುವ ಮಟ್ಟವನ್ನು ನಿರ್ಧರಿಸಲಾಗದು. ಕಟಾವಿನ ಬಳಿಕ ಹಾರಿಸಬೇಕು, ಇಲ್ಲವೇ ನೆಲದ ಮೇಲೆಯೇ ಮಟ್ಟ ತೆಗೆಯಬೇಕು.

2. ತೆಂಗಿನ ತೋಟ. ಕೆ.ಆರ್.ಪೇಟೆ, ನಾಗಮಂಗಲ ಭಾಗಗಳಲ್ಲಿ ತೆಂಗಿನ ಗರಿಗಳು ಬದುವನ್ನೂ ಬಾಂದು ಕಲ್ಲನ್ನೂ ಮುಚ್ಚಿರುತ್ತವೆ. ಮರದ ಕೆಳಗೆ ಉಪಗ್ರಹ ಸಂಕೇತವೂ ದುರ್ಬಲ. ಇಂಥಲ್ಲಿ ಟೋಟಲ್ ಸ್ಟೇಷನ್ ಉಪಕರಣದಿಂದಲೇ ಅಳೆಯಬೇಕು.

3. ಮನೆಯ ಸೂರು. ಹೆಂಚಿನ ಮನೆಯ ಸೂರು ಗೋಡೆಯಿಂದ ಹೊರಗೆ ಚಾಚಿರುತ್ತದೆ. ಡ್ರೋನ್ ನೋಡುವುದು ಸೂರಿನ ಅಂಚನ್ನು. ಹಕ್ಕು ಇರುವುದು ಸಾಮಾನ್ಯವಾಗಿ ಗೋಡೆಯವರೆಗೆ ಅಥವಾ ದಾಖಲೆಯಲ್ಲಿ ಹೇಳಿದ ಚಕ್ಕುಬಂದಿಯವರೆಗೆ. 60 ಅಡಿ ಉದ್ದದ ಕಟ್ಟಡಕ್ಕೆ ಎರಡೂವರೆ ಅಡಿ ಸೂರು ಇದ್ದರೆ ಒಂದು ಪಾರ್ಶ್ವದಲ್ಲೇ 150 ಚದರ ಅಡಿ ವ್ಯತ್ಯಾಸ. ಓಣಿಯ ಜಾಗ ಒತ್ತುವರಿಯಾಗಿದೆ ಎಂಬ ದೂರಿಗೆ ಇಷ್ಟು ಸಾಕು. ಆದುದರಿಂದಲೇ ಹಾರಾಟಕ್ಕೆ ಮೊದಲು ಮಾಲೀಕರ ಸಮ್ಮುಖದಲ್ಲಿ ಸುಣ್ಣದ ಗುರುತು ಮಾಡುವ ಕ್ರಮವಿದೆ. ಸದಸ್ಯರು ಆ ದಿನ ಸ್ಥಳದಲ್ಲಿ ಹಾಜರಿರುವುದು ಅತ್ಯಗತ್ಯ.

4. ಬೆಟ್ಟ. ಮೇಲುಕೋಟೆಯಂಥ ಕಡೆ ತಪ್ಪಲಿನಿಂದ 100 ಮೀಟರ್ ಎತ್ತರಕ್ಕೆ ಏರಿ ಅದೇ ಮಟ್ಟದಲ್ಲಿ ಹಾರಿದರೆ, ನೆಲ 40 ಮೀಟರ್ ಏರಿದಲ್ಲಿ ಡ್ರೋನ್ ನೆಲದಿಂದ ಕೇವಲ 60 ಮೀಟರ್ ದೂರದಲ್ಲಿರುತ್ತದೆ. ಆಗ ಪ್ರತಿ ಚಿತ್ರ ಆವರಿಸುವ ನೆಲ ಕುಗ್ಗಿ, ಶೇಕಡಾ 80 ಇದ್ದ ಹಾಯುವಿಕೆ ಸುಮಾರು 67ಕ್ಕೂ, 70 ಇದ್ದುದು 50ಕ್ಕೂ ಇಳಿಯುತ್ತದೆ. ನಕ್ಷೆಯಲ್ಲಿ ತೂತುಗಳು ಬೀಳುವುದು ಇದರಿಂದಲೇ. ನೆಲದ ಏರಿಳಿತವನ್ನು ಅನುಸರಿಸಿ ಹಾರುವ ಯೋಜನೆ ಮಾಡಬೇಕು.

5. ನೀರು. ಹರಿಯುವ ಕಾವೇರಿಯ ಮೇಲ್ಮೈ ಪ್ರತಿ ಚಿತ್ರದಲ್ಲೂ ಬೇರೆಯಾಗಿರುವುದರಿಂದ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಶ್ರೀರಂಗಪಟ್ಟಣದ ದ್ವೀಪದ ಸುತ್ತ ಕೆಲಸ ಮಾಡುವಾಗ ಎರಡೂ ದಡಗಳಲ್ಲಿ ನಿಯಂತ್ರಣ ಬಿಂದುಗಳು ಇರಲೇಬೇಕು.

6. ಎತ್ತರದ ಆಧಾರ. ಮಂಡ್ಯ ಜಿಲ್ಲೆಯಲ್ಲಿ ಚಿಕ್ಕ ಮಕ್ಕಳಿಗೂ ಕನ್ನಂಬಾಡಿಯ 124.80 ಅಡಿ ಗೊತ್ತು. ಆ ಸಂಖ್ಯೆ ಅಣೆಕಟ್ಟೆಯದೇ ಆದ ಸೊನ್ನೆಯಿಂದ ಎಣಿಸಿದುದು, ಸಮುದ್ರಮಟ್ಟದಿಂದಲ್ಲ. ಹಾಗೆಯೇ ಉಪಗ್ರಹ ಗ್ರಾಹಕ ತೋರಿಸುವ ಎತ್ತರದ ಸೊನ್ನೆಯೂ ಬೇರೆ. ಅದು ಭೂಮಿಯ ಗಣಿತಾತ್ಮಕ ಆಕಾರದಿಂದ ಎಣಿಸಿದ ಎತ್ತರ. ನಮ್ಮ ಭಾಗದಲ್ಲಿ ಇದಕ್ಕೂ ಸಮುದ್ರಮಟ್ಟದ ಎತ್ತರಕ್ಕೂ 80 ಮೀಟರಿಗೂ ಹೆಚ್ಚಿನ ಅಂತರವಿದೆ. ಈ ಎರಡನ್ನು ಬೆರೆಸಿದ ನಕ್ಷೆಯನ್ನು ನಂಬಿ ನಾಲೆ, ಚರಂಡಿ ಅಥವಾ ಕಾರ್ಖಾನೆಯ ಪಾಯ ತೆಗೆದರೆ ಆಗುವ ನಷ್ಟ ಊಹಿಸಿಕೊಳ್ಳಬಹುದು.

ಕಾನೂನಿನ ಚೌಕಟ್ಟು

ಹಿಂದೆ ವೈಮಾನಿಕ ಚಿತ್ರ ತೆಗೆಯಲು ರಕ್ಷಣಾ ಇಲಾಖೆಯ ಅನುಮತಿ ಬೇಕಿತ್ತು. ಖಾಸಗಿಯವರಿಗೆ ಅದು ದೂರದ ಮಾತಾಗಿತ್ತು. 2021ರ ಫೆಬ್ರವರಿ 15ರಂದು ಪ್ರಕಟವಾದ ಭೂದತ್ತಾಂಶ ಮಾರ್ಗಸೂಚಿಗಳು ಭಾರತೀಯ ಸಂಸ್ಥೆಗಳಿಗೆ ಈ ಕ್ಷೇತ್ರವನ್ನು ತೆರೆದವು. ಅದೇ ವರ್ಷದ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು, 2021 ಜಾರಿಗೆ ಬಂದವು. ಈ ನಿಯಮಗಳಲ್ಲಿ ಸದಸ್ಯರು ತಿಳಿದಿರಬೇಕಾದ ಅಂಶಗಳು ಇವು:

ಅ) ತೂಕದ ಪ್ರಕಾರ ಡ್ರೋನ್‌ಗಳು ಐದು ವರ್ಗ: 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣ, 150 ಕಿಲೋವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟು ದೊಡ್ಡ ಡ್ರೋನ್.

ಆ) ನ್ಯಾನೋ ವರ್ಗವನ್ನು ಹಾಗೂ ವಾಣಿಜ್ಯೇತರ ಉದ್ದೇಶದ ಮೈಕ್ರೋ ವರ್ಗವನ್ನು ಬಿಟ್ಟು ಉಳಿದವನ್ನು ಹಾರಿಸಲು ದೂರ ಚಾಲಕ ಪ್ರಮಾಣಪತ್ರ ಬೇಕು. ವಯಸ್ಸು 18ರಿಂದ 65. ಹತ್ತನೆಯ ತರಗತಿ ತೇರ್ಗಡೆ. ಡಿಜಿಸಿಎ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ. ಪ್ರಮಾಣಪತ್ರ 10 ವರ್ಷ ಊರ್ಜಿತ.

ಇ) ಪ್ರತಿ ಡ್ರೋನ್‌ಗೂ ವಿಶಿಷ್ಟ ನೋಂದಣಿ ಸಂಖ್ಯೆ ಇರಬೇಕು. ನ್ಯಾನೋ ಬಿಟ್ಟು ಉಳಿದವುಗಳಿಗೆ ಮೂರನೆಯ ವ್ಯಕ್ತಿಯ ವಿಮೆಯೂ ಬೇಕು. ವಿದೇಶಿ ಡ್ರೋನ್‌ಗಳ ಆಮದನ್ನು 2022ರ ಫೆಬ್ರವರಿ 9ರಂದು, ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಹೊರತು, ನಿಷೇಧಿಸಲಾಯಿತು. ಮದುವೆ ಛಾಯಾಗ್ರಾಹಕರ ಬಳಿ ಇರುವ ಡ್ರೋನ್ ಒಂದನ್ನು ಬಾಡಿಗೆಗೆ ತಂದು ಸರ್ವೇ ಮಾಡಿಸುವುದು ಈ ಕಾರಣದಿಂದ ಅಪಾಯಕರ.

ಈ) ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿಯಿಲ್ಲದೆ ಹಾರಿಸಬಹುದು, ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿ ಕಡ್ಡಾಯ. ನಮ್ಮ ತಾಲ್ಲೂಕು ಕೇಂದ್ರಗಳು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೂರವಿದ್ದರೂ, ಅಣೆಕಟ್ಟೆ, ರಂಗನತಿಟ್ಟು ಪಕ್ಷಿಧಾಮ, ಸಂರಕ್ಷಿತ ಸ್ಮಾರಕಗಳ ಸುತ್ತ ಸಂಬಂಧಿಸಿದ ಇಲಾಖೆಯನ್ನು ಕೇಳದೆ ಹಾರಿಸಬಾರದು. ಪ್ರತಿ ಹಾರಾಟಕ್ಕೂ ಮೊದಲು ವಲಯದ ನಕ್ಷೆಯನ್ನು ನೋಡುವುದು ವಿದ್ಯಾರ್ಥಿಯ ಅಭ್ಯಾಸವಾಗಬೇಕು.

ಉ) ಖಾಸಗಿ ಡ್ರೋನ್ ನಕ್ಷೆಯಿಂದ ಜಮೀನಿನ ಗಡಿ ಕಾನೂನುಬದ್ಧವಾಗಿ ನಿರ್ಧಾರವಾಗುವುದಿಲ್ಲ. ಪೋಡಿ, ಹದ್ದುಬಸ್ತು, 11ಇ ನಕ್ಷೆ ಇವು ಭೂಮಾಪನ ಇಲಾಖೆಯ ಮತ್ತು ಅದರ ಪರವಾನಗಿ ಪಡೆದ ಭೂಮಾಪಕರ ಅಧಿಕಾರಕ್ಕೆ ಸೇರಿದವು. ಈ ಮಿತಿಯನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ವೃತ್ತಿಧರ್ಮ.

ತರಬೇತಿಯ ಸ್ವರೂಪ

ಚಾಲಕ ಪ್ರಮಾಣಪತ್ರದ ತರಬೇತಿ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಅದರಿಂದ ಚಾಲಕ ಸಿದ್ಧನಾಗುತ್ತಾನೆ, ಭೂಮಾಪಕ ಅಲ್ಲ. ಇನ್ನೊಂದು ಕಡೆ ನಮ್ಮಲ್ಲಿ ಭೂಮಾಪನದ ಮೂಲಪಾಠ ಕಲಿತ ವಿದ್ಯಾರ್ಥಿಗಳು ಈಗಾಗಲೇ ಇದ್ದಾರೆ. ಐಟಿಐಗಳ ವೃತ್ತಿಪಟ್ಟಿಯಲ್ಲಿ ಸರ್ವೇಯರ್, ಡ್ರಾಫ್ಟ್ಸ್‌ಮನ್ ಸಿವಿಲ್ ಹಾಗೂ ಆರು ತಿಂಗಳ ಡ್ರೋನ್ ಟೆಕ್ನಿಷಿಯನ್ ವೃತ್ತಿಗಳಿವೆ. ಕೆ.ಆರ್.ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ ಬಿಜಿಎಸ್ ತಾಂತ್ರಿಕ ಸಂಸ್ಥೆ ಇವೆ. ಸಿವಿಲ್ ವಿದ್ಯಾರ್ಥಿಗಳು ಹಳೆಯ ಕೆರೆಯ ಪುನಶ್ಚೇತನದಂಥ ವಿಷಯಗಳ ಮೇಲೆ ವಿಸ್ತೃತ ಸರ್ವೇ ಶಿಬಿರ ಮಾಡುವ ಪದ್ಧತಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಬಹುಕಾಲದಿಂದ ಬಂದಿದೆ. ಆ ಶಿಬಿರವನ್ನೇ ಈ ತರಬೇತಿಯ ತಳಹದಿಯಾಗಿ ಮಾಡಿಕೊಳ್ಳಬಹುದು.

ನನ್ನ ಸಲಹೆಯ ಕ್ರಮ ಹೀಗಿದೆ. ಮೊದಲು ಟೇಪು, ಲೆವೆಲಿಂಗ್ ಉಪಕರಣ ಮತ್ತು ಟೋಟಲ್ ಸ್ಟೇಷನ್‌ನಿಂದ ಒಂದು ಚಿಕ್ಕ ಪ್ರದೇಶವನ್ನು ಅಳೆಯಿಸಬೇಕು. ಬಳಿಕ ಉಪಗ್ರಹ ಗ್ರಾಹಕದಿಂದ ನಿಯಂತ್ರಣ ಬಿಂದುಗಳನ್ನು ಸ್ಥಾಪಿಸುವುದು. ಆಮೇಲೆ ಹಾರಾಟದ ಯೋಜನೆ ಮತ್ತು ಹಾರಾಟ. ನಂತರ ಗಣಕಯಂತ್ರದ ಸಂಸ್ಕರಣೆ. ಇದಕ್ಕೆ ಓಪನ್‌ಡ್ರೋನ್‌ಮ್ಯಾಪ್, ನಕ್ಷೆ ಬಿಡಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶಗಳಿವೆ. ಕೊನೆಯದಾಗಿ, ಮೊದಲು ಕೈಯಿಂದ ಅಳೆದ ಅದೇ ಪ್ರದೇಶದ ಅಳತೆಯೊಡನೆ ಡ್ರೋನ್ ನಕ್ಷೆಯನ್ನು ಹೋಲಿಸಿ, ವ್ಯತ್ಯಾಸಕ್ಕೆ ಕಾರಣ ಬರೆದು ಸಹಿ ಮಾಡಿದ ವರದಿ ಕೊಡುವುದು. ಈ ವರದಿ ಬರೆಯಲಾರದ ವಿದ್ಯಾರ್ಥಿಗೆ ಪ್ರಮಾಣಪತ್ರ ಕೊಡಬಾರದು. ಸಿದ್ಧಾಂತ ಭಾಗಕ್ಕೆ ಡೆಹ್ರಾಡೂನಿನ ಭಾರತೀಯ ದೂರ ಸಂವೇದಿ ಸಂಸ್ಥೆಯ ಉಚಿತ ದೂರಶಿಕ್ಷಣ ಪಾಠಗಳನ್ನು ಬಳಸಿಕೊಳ್ಳಬಹುದು. ಈ ಸಂಸ್ಥೆ 1966ರಲ್ಲಿ ವೈಮಾನಿಕ ಚಿತ್ರಗಳನ್ನು ಓದುವ ವಿದ್ಯೆಯನ್ನು ಕಲಿಸಲೆಂದೇ ಹುಟ್ಟಿದುದು.

ವೆಚ್ಚದ ಲೆಕ್ಕಾಚಾರ

ಕೆಳಗಿನ ಸಂಖ್ಯೆಗಳು ಲೆಕ್ಕದ ಕ್ರಮವನ್ನು ತಿಳಿಸಲು ಊಹಿಸಿಕೊಂಡವು, ಮಾರುಕಟ್ಟೆಯ ದರಗಳಲ್ಲ. ಡ್ರೋನ್, ಉಪಗ್ರಹ ಗ್ರಾಹಕ, ಗಣಕಯಂತ್ರ ಸೇರಿ ಬಂಡವಾಳ ರೂ. 12 ಲಕ್ಷ, ಬಾಳಿಕೆ 4 ವರ್ಷ ಎಂದರೆ ವರ್ಷಕ್ಕೆ ಸವಕಳಿ ರೂ. 3 ಲಕ್ಷ. ವಿಮೆ, ರಿಪೇರಿ, ಬ್ಯಾಟರಿ ಇತ್ಯಾದಿ ರೂ. 1.8 ಲಕ್ಷ. ಇಬ್ಬರ ಸಂಬಳ ರೂ. 5.4 ಲಕ್ಷ. ವಾಹನ, ಕಚೇರಿ ರೂ. 1.2 ಲಕ್ಷ. ಒಟ್ಟು ರೂ. 11.4 ಲಕ್ಷ.

ವರ್ಷಕ್ಕೆ 30 ದಿನ ಮಾತ್ರ ಕ್ಷೇತ್ರ ಕೆಲಸ ಸಿಕ್ಕರೆ ದಿನವೊಂದಕ್ಕೆ ರೂ. 38,000 ಬೀಳುತ್ತದೆ. 60 ದಿನಕ್ಕೆ ರೂ. 19,000, 120 ದಿನಕ್ಕೆ ರೂ. 9,500. ಖರ್ಚಿನ ಬಹುಪಾಲು ಸ್ಥಿರ ವೆಚ್ಚವಾದುದರಿಂದ ಕೆಲಸದ ದಿನಗಳ ಸಂಖ್ಯೆಯೇ ಲಾಭ-ನಷ್ಟವನ್ನು ನಿರ್ಣಯಿಸುತ್ತದೆ. ಮಳೆಗಾಲದಲ್ಲಿ ಮತ್ತು ಬಿರುಗಾಳಿಯಲ್ಲಿ ಹಾರಿಸಲಾಗದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕು ತಾಲ್ಲೂಕುಗಳಲ್ಲಿ ನಾಲ್ವರು ಯುವಕರು ಸಾಲ ಮಾಡಿ ನಾಲ್ಕು ಘಟಕ ತೆರೆದು ತಲಾ 30 ದಿನದ ಕೆಲಸಕ್ಕೆ ಪೈಪೋಟಿ ನಡೆಸಿದರೆ ನಾಲ್ವರೂ ಮುಳುಗುತ್ತಾರೆ. ಅದೇ ನಾಲ್ವರು ಒಂದು ಪಾಲುದಾರಿಕೆ ಸಂಸ್ಥೆ ಮಾಡಿ, ಒಂದೇ ಸಲಕರಣೆಯಿಂದ 120 ದಿನ ದುಡಿದರೆ ವ್ಯವಹಾರ ನಿಲ್ಲುತ್ತದೆ. ಸಾಲ ಪಡೆಯುವ ಮೊದಲು ಪ್ರತಿ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಿ ನೋಡಬೇಕು.

ತೆರಿಗೆಯ ಬಗ್ಗೆ ಎರಡು ಮಾತು. ಸೇವಾ ವಹಿವಾಟು ವರ್ಷಕ್ಕೆ ರೂ. 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಜಿಎಸ್‌ಟಿ ಮಂಡಳಿಯ 2025ರ ಸೆಪ್ಟೆಂಬರ್ ಸಭೆಯ ತೀರ್ಮಾನದಂತೆ ಡ್ರೋನ್‌ಗಳ ಮೇಲಿನ ದರವನ್ನು, ಆ ತಿಂಗಳ 22ರಿಂದ, ಶೇಕಡಾ 5ಕ್ಕೆ ಇಳಿಸಲಾಯಿತು. ಕೊಳ್ಳುವಾಗ ಬಿಲ್ಲಿನಲ್ಲಿ ಯಂತ್ರದ ನೋಂದಣಿ ವಿವರಗಳು ನಮೂದಾಗಿರುವಂತೆ ನೋಡಿಕೊಳ್ಳಬೇಕು. ವಿಮೆ ಮತ್ತು ಸವಕಳಿ ಎರಡಕ್ಕೂ ಅದೇ ಆಧಾರ.

ಸದಸ್ಯರು ಮಾಡಬಹುದಾದುದು

1. ಕಲ್ಲುಪುಡಿ ಘಟಕ, ಅಕ್ಕಿ ಗಿರಣಿ, ಸಕ್ಕರೆ-ಬೆಲ್ಲದ ಉದ್ಯಮದವರು ತಮ್ಮ ಅಂಗಳವನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆ ವರ್ಷಕ್ಕೆ ಒಂದೆರಡು ದಿನ ಬಿಟ್ಟುಕೊಡಬಹುದು. ತೂಕದ ಸೇತುವೆಯ ದಾಖಲೆಯೊಡನೆ ರಾಶಿಯ ಅಳತೆಯನ್ನು ಹೋಲಿಸಿದರೆ ವಿದ್ಯಾರ್ಥಿಗೆ ಪಾಠ, ಮಾಲೀಕರಿಗೆ ದಾಸ್ತಾನಿನ ತಪಾಸಣೆ.

2. ಅಂಗಳದಲ್ಲಿ ಮೂರು-ನಾಲ್ಕು ಸ್ಥಿರ ಬಿಂದುಗಳನ್ನು ಕಾಂಕ್ರೀಟಿನಲ್ಲಿ ನೆಟ್ಟು ಅವುಗಳ ಅಳತೆಯನ್ನು ಕಡತದಲ್ಲಿ ಇಡಬೇಕು. ಮುಂದಿನ ಪ್ರತಿ ಅಳತೆಗೂ ಅವೇ ಆಧಾರ.

3. 1961ರ ಶಿಶಿಕ್ಷು ಕಾಯಿದೆಯಂತೆ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶಿಕ್ಷುಗಳನ್ನು ನೇಮಿಸಿಕೊಳ್ಳಬೇಕು. 4ರಿಂದ 29 ಮಂದಿ ಇರುವವರು ಇಚ್ಛೆಯಿದ್ದರೆ ನೇಮಿಸಿಕೊಳ್ಳಬಹುದು. ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ಶಿಷ್ಯವೇತನದ ಶೇಕಡಾ 25ರಷ್ಟನ್ನು, ನಿಗದಿತ ಮಿತಿಗೆ ಒಳಪಟ್ಟು, ಕೇಂದ್ರ ಸರ್ಕಾರ ಭರಿಸುತ್ತದೆ.

4. ನಕ್ಷೆಗೆ ಹಣ ಕೊಡುವ ಮುನ್ನ ನಾಲ್ಕು ದಾಖಲೆ ಪಡೆಯಬೇಕು: ಚಾಲಕ ಪ್ರಮಾಣಪತ್ರದ ಪ್ರತಿ, ಡ್ರೋನ್ ನೋಂದಣಿ ಮತ್ತು ವಿಮೆ, ನಿಯಂತ್ರಣ ಬಿಂದುಗಳ ಪಟ್ಟಿ, ತಪಾಸಣಾ ವರದಿ.

5. ಗ್ರಾಮಠಾಣ ಸರ್ವೇಯ ಕರಡು ನಕ್ಷೆ ಪ್ರಕಟವಾದಾಗ ತಮ್ಮ ಸ್ವತ್ತಿನ ಅಳತೆಯನ್ನು ಟೇಪು ಹಿಡಿದು ಹೋಲಿಸಿ, ವ್ಯತ್ಯಾಸವಿದ್ದರೆ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಕಾರ್ಡ್ ಬಂದ ಮೇಲೆ ತಿದ್ದಿಸುವುದು ದೀರ್ಘ ಹಾದಿ.

ಉಪಸಂಹಾರ

ನಮ್ಮ ಹಳ್ಳಿಗಳ ಮನೆ, ಅಂಗಡಿ, ಗಿರಣಿಗಳ ಅಳತೆ ಈಗ ಮೊದಲ ಬಾರಿಗೆ ದಾಖಲಾಗುತ್ತಿದೆ. ಈಗ ಬೀಳುವ ಗೆರೆಯನ್ನು ಮುಂದಿನ ತಲೆಮಾರು ನ್ಯಾಯಾಲಯದಲ್ಲಿಯೂ ಬ್ಯಾಂಕಿನಲ್ಲಿಯೂ ತೋರಿಸಲಿದೆ. ಆ ಗೆರೆಯನ್ನು ಎಳೆಯುವ, ಪರೀಕ್ಷಿಸುವ, ತಪ್ಪಿದ್ದರೆ ಎತ್ತಿ ತೋರಿಸುವ ಸಾಮರ್ಥ್ಯ ನಮ್ಮ ಊರಿನ ಹುಡುಗ-ಹುಡುಗಿಯರಿಗೆ ಇರಬೇಕು. ಸೂರು ಎಲ್ಲಿ, ಗೋಡೆ ಎಲ್ಲಿ, ಕಬ್ಬಿನ ಕೆಳಗೆ ಬದು ಎಲ್ಲಿದೆ ಎಂಬುದು ಇಲ್ಲಿಯವರಿಗೇ ಚೆನ್ನಾಗಿ ಗೊತ್ತು. ಮುಂದಿನ ಕಬ್ಬಿನ ಕಟಾವಿನ ಬಳಿಕ, ನೆಲ ತೆರೆದಿರುವ ದಿನಗಳಲ್ಲಿ, ಪ್ರತಿ ತಾಲ್ಲೂಕಿನಿಂದ ಒಬ್ಬೊಬ್ಬ ಸದಸ್ಯರು ತಮ್ಮ ಅಂಗಳವನ್ನು ಹತ್ತಿರದ ಕಾಲೇಜಿನ ಅಥವಾ ಐಟಿಐನ ಒಂದು ತಂಡಕ್ಕೆ ಬಿಟ್ಟುಕೊಟ್ಟರೂ ಸಾಕು, ಕೆಲಸ ಆರಂಭವಾಗುತ್ತದೆ.